ಮಾವ ಮುಟ್ಟದ ನೀರು

ಹೋದ ತಿಂಗಳು ಸುಳ್ಳ ಎಂಬ ಹಳ್ಳಿಯಿಂದ ಬಂದಿದ್ದ ಮಾವ ಮಡಿವಾಳಪ್ಪ, ಮಾಳಮಡ್ಡಿಯ ಅಳಿಯನ ಮನೆಯಲ್ಲಿ ಬೆಲ್ಲ ತಿಂದರು, ನೀರು ಮುಟ್ಟಲಿಲ್ಲ. ಬೆಲ್ಲ ತಿಂದು ನೀರು ಕುಡಿಯದೆ ಎದ್ದರೆ ಅದು ಅರ್ಧ ನಮಸ್ಕಾರ ಮಾಡಿದಂತೆ. ಮುಗಿಯಲು ಕೈ ಎತ್ತಿದರೋ, ಹೊಡೆಯಲು ಎತ್ತಿದರೋ ತಿಳಿಯುವುದಿಲ್ಲ.

ಅಳಿಯ ಫಕೀರೇಶನಿಗೂ ತಿಳಿಯಲಿಲ್ಲ. ಪಕ್ಕದ ಮನೆಯ ಉಡಚವ್ವನಿಗೆ ಮಾತ್ರ ಕೂಡಲೇ ತಿಳಿಯಿತು.

“ನಿಮ್ಮ ನಳದ ನೀರು ಔಷಧ ನಾರತೈತಿ. ಹೊಲದಾಗ ಬಾಳಿ ಬದುಕಿದ ಹಿರ್ಯಾರು, ಹೆಂಗ ಕುಡದಾರು? ಮಷೀನ ಹಾಕಸ್ರಿ!”

ಹೆಂಡತಿ ಕಾವೇರಿ ಮೂಗು ಒರೆಸಿಕೊಂಡಳು. “ಈ ಸಲಾನೂ ಅಪ್ಪ ನೀರು ಮುಟ್ಟಲಿಲ್ಲಂದ್ರ, ನಾ ಯಾವ ಮಾರಿ ಹೊತ್ತು ತವರಿಗೆ ಹೋಗ್ಲಿ?”

ಹೀಗಾಗಿ, ಮಾವ ಮತ್ತೆ ಬರಲಿದ್ದ ಭಾನುವಾರದ ಬೆಳಿಗ್ಗೆ ಫಕೀರೇಶ ಫಿಲ್ಟರ್ ಕೂಡಿಸಲು ವಸೀಮನನ್ನು ಕರೆಸಿದ. ನಳಕ್ಕೆ ನೀರು ಬಂದು ನಾಲ್ಕು ದಿನವಾಗಿತ್ತು, ಮತ್ತೆ ಬರಲು ಮೂರು ದಿನವಿತ್ತು. ಮಾಳಿಗೆಯ ಟಾಕಿಯಲ್ಲಿ ಅರ್ಧ ನೀರು, ಅಡುಗೆಮನೆಯಲ್ಲಿ ಆರು ಕೊಡ.

ವಸೀಮ ಗೋಡೆ ಕೊರೆದ, ಪೈಪು ಜೋಡಿಸಿದ, ಗುಂಡಿ ಒತ್ತಿದ. ಮಷೀನು ಊಟಕ್ಕೆ ತಡವಾದ ಬೀಗರಂತೆ ಗುರ್ರೆಂದಿತು. ಅಂಗಳಕ್ಕೆ ಬಿಟ್ಟಿದ್ದ ಕರಿ ಪೈಪಿನಿಂದ ನೀರು ಸುರಿಯತೊಡಗಿತು.

“ಏ ವಸೀಮ, ಸೋರಾಕತ್ತೈತಲ್ಲೋ!”

“ಸೋರಾಕತ್ತಿಲ್ರಿ ಅಣ್ಣಾ, ಸೋಸಾಕತ್ತೈತಿ. ಒಂದು ಕೊಡ ಛಲೋ ನೀರಿಗೆ ಮೂರು ಕೊಡ ಹೊರಗ ಹೋಗತೈತಿ. ಮತ್ತ ಮೊದಲು ಎರಡು ಸಲ ಮಷೀನದಾಗ ತುಂಬಿದ ಛಲೋ ನೀರೂ ಚೆಲ್ಲಬೇಕ್ರಿ. ಮೂರನೇದು ಕುಡೀರಿ.”

“ಚೆಲ್ಲೂದ್ಯಾಕೋ ಯಪ್ಪಾ!” ಕಂಪೌಂಡಿನ ಮೇಲೆ ಮೊದಲು ಉಡಚವ್ವನ ಕೊಡ ಕಂಡಿತು, ಆಮೇಲೆ ಉಡಚವ್ವ. “ಎರಡೂ ನನಗ ಹಾಕ್ರಿ. ಒಂದು ಭಾಂಡೆ ತೊಳ್ಯಾಕ, ಒಂದು ಕುಡ್ಯಾಕ.”

ಸುದ್ದಿ ನೀರಿಗಿಂತ ಜೋರಾಗಿ ಹರಿಯಿತು. ಕರಿ ಪೈಪಿನ ಮುಂದೆ ಬೀದಿಯ ಕೊಡಗಳೆಲ್ಲ ಪಾಳಿ ಹಚ್ಚಿದವು. ಹೇಗೂ ಹೊರಗೆ ಹೋಗುವ ನೀರು, ಬೇಡ ಎನ್ನಲು ಫಕೀರೇಶನಿಗೆ ಬಾಯಿ ಬರಲಿಲ್ಲ. ಎರಡನೆಯ ಸಲ ತುಂಬುವಷ್ಟರಲ್ಲಿ ಟಾಕಿ ಬರಿದಾಯಿತು. ಮೂರನೆಯದು ತುಂಬದಿದ್ದರೆ ಮಾವನಿಗೇನು ಕೊಡುವುದು? ಅಡುಗೆಮನೆಯ ಆರು ಕೊಡಗಳನ್ನೂ ಅವನೇ ಹೊತ್ತು ಮಾಳಿಗೆ ಹತ್ತಿ ಟಾಕಿಗೆ ಸುರಿದ.

ಅಂತೂ ಮೂರನೆಯದು ತುಂಬಿತು. ತುಂಬಿದ್ದೇ ತಡ, ರುಚಿ ನೋಡುವವರು ಬಂದರು.

“ಏನೂ ರುಚಿನ ಇಲ್ಲಲ್ರಿ,” ಎಂದಳು ಎದುರುಮನೆಯ ಗುಲ್ಜಾರಬಿ, “ಇನ್ನೊಂದು ಗ್ಲಾಸ ಕೊಡ್ರಿ, ಖಾತ್ರಿ ಮಾಡ್ಕೋತೇನಿ.”

ಬೀದಿಯವರೆಲ್ಲ ಎರಡೆರಡು ಸಲ ಖಾತ್ರಿ ಮಾಡಿಕೊಂಡರು. ನಾಲ್ಕು ಗಂಟೆಗೆ ಮಷೀನು ಬಿಕ್ಕಳಿಸಿ ಕೆಂಪು ದೀಪ ಹೊತ್ತಿಸಿತು. ಕಾವೇರಿ ಟಾಕಿಯಲ್ಲಿ ಇಣುಕಿದಳು. ಮುಖ ಕಾಣುವಷ್ಟೂ ನೀರಿರಲಿಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಲೋಟ.

ಐದಕ್ಕೆ ಮಾವ ಬಂದರು. ಬೆಲ್ಲ ತಿಂದರು. ಲೋಟ ಎತ್ತಿದರು. ಲೋಟ ತುಟಿಯ ತನಕ ಹೋಯಿತು. ಮಾವನ ಕಣ್ಣು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಬಿದ್ದ ಆರು ಕೊಡಗಳ ತನಕ ಹೋಯಿತು. ಲೋಟ ಕೆಳಗಿಳಿಯಿತು.

“ಯಾಕ್ರಿ ಮಾವಾರ, ಇನ್ನೂ ನಾತ ಬರತೈತೇನ್ರಿ?”

“ಎಂಥಾ ನಾತರಿ?”

“ಹೋದ ಸಲ ಅದಕ್ಕ ಕುಡೀಲಿಲ್ಲಲ್ರಿ ನೀವು?”

ಮಡಿವಾಳಪ್ಪ ಸುಳ್ಳದವರಾದರೂ ಸುಳ್ಳು ಹೇಳುವವರಲ್ಲ. “ಹೋದ ಸಲ ನಿಮ್ಮನ್ಯಾಗ ಎರಡ ಕೊಡ ಇದ್ದೂರಿ ಅಳಿಯಾರ. ನಳ ಬರಾಕ ಇನ್ನೂ ಎರಡು ದಿನ ಅಂದ್ಲು ಕಾವೇರಿ. ಎಣಿಸಿ ಬಳಸೋ ಮನ್ಯಾಗಿನ ನೀರು ನನ್ನ ಗಂಟಲದಾಗ ಹೆಂಗ ಇಳೀಬೇಕು ಹೇಳ್ರಿ. ಇವತ್ತಂತೂ ಅದೂ ಇಲ್ಲ.”

ಹಿರಿಯರು ಎದ್ದು ಒಂದು ಕೊಡ ತೆಗೆದುಕೊಂಡು ಪಕ್ಕದ ಮನೆಗೆ ನಡೆದರು. ಫಕೀರೇಶ ಹಿಂದೆ ಓಡಿದ. “ಮಾವಾರ, ನಾ ತರತೇನ್ರಿ!” ಅಷ್ಟರಲ್ಲಿ ಉಡಚವ್ವ ಬಾಗಿಲಿಗೆ ಬಂದಾಗಿತ್ತು, ಬೀದಿಯೂ ಬಾಗಿಲಿಗೆ ಬಂದಾಗಿತ್ತು.

“ತೊಗೊಳ್ರಿ ಯಜ್ಜಾ, ಅದಕ್ಕೇನು!” ಉಡಚವ್ವ ದೊಡ್ಡ ಮನಸ್ಸಿನಿಂದ ಕೊಡ ತುಂಬಿದಳು. “ಆದ್ರ ನಿಮ್ಮ ಅಳಿಯಾರಿಗೆ ಒಂದು ಮಾತು ಹೇಳ್ರಿ, ನೀರು ಸ್ವಲ್ಪ ಜ್ವಾಕಿಲೆ ಬಳಸಾಕ!”