ಪಟ್ಟಿಯಲ್ಲಿಲ್ಲದ ಪದ

ಕಾಲೇಜಿನ ಹೊಸ ನಿಯಮಾವಳಿಗೆ ಹನ್ನೆರಡು ಪುಟ. ಆವರಣದೊಳಗೆ ಅವಾಚ್ಯ ಪದ ಆಡಿದವರಿಗೆ ಏನೇನು ಶಿಕ್ಷೆ ಎಂದು ಹನ್ನೊಂದು ಪುಟಗಳಲ್ಲಿ ವಿವರವಾಗಿ ಬರೆದಿತ್ತು. ಅವಾಚ್ಯ ಪದ ಎಂದರೆ ಯಾವುದು ಎಂಬಲ್ಲಿ ಮಾತ್ರ ‘ಅನುಬಂಧ ನೋಡಿ’ ಎಂದಿತ್ತು. ಅನುಬಂಧ ಹನ್ನೆರಡನೆಯ ಪುಟದಲ್ಲಿತ್ತು, ಆ ಪುಟದಲ್ಲಿ ಒಂದಕ್ಷರವೂ ಇರಲಿಲ್ಲ.

ನಿಯಮ ಬರೆದದ್ದು ಸಮಿತಿ, ಒಪ್ಪಿದ್ದು ಪ್ರಿನ್ಸಿಪಾಲರು. ಆದರೆ ಟೈಪ್ ಮಾಡಿದವನು ಗುಮಾಸ್ತ. ಹಾಗಾಗಿ ತಪ್ಪು ಯಾರದು ಎಂಬ ಬಗ್ಗೆ ಕಾಲೇಜಿನಲ್ಲಿ ಎರಡು ಅಭಿಪ್ರಾಯ ಇರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಮೂರನೇ ವರ್ಷದ ಹುಡುಗಿಯೊಬ್ಬಳು ಪ್ರಿನ್ಸಿಪಾಲರ ಕೋಣೆಗೆ ಬಂದಳು. ಆಕೆಯನ್ನು ಎಲ್ಲರೂ ಮೈಕು ಎಂದೇ ಕರೆಯುತ್ತಿದ್ದರು, ಏಕೆಂದರೆ ಆಕೆಗೆ ಮೈಕು ಬೇಕಾಗುತ್ತಿರಲಿಲ್ಲ. ವಾಕ್‌ಸ್ವಾತಂತ್ರ್ಯ ಸಂಘದ ಕಾರ್ಯದರ್ಶಿ ಅವಳೇ.

“ಸರ್, ಅನುಬಂಧದಲ್ಲಿ ಒಂದು ಪದಾನೂ ಇಲ್ಲ. ಅಂದ್ರೆ ಯಾವ ಪದಕ್ಕೂ ಶಿಕ್ಷೆ ಇಲ್ಲ. ನಾಲ್ಕು ಗಂಟೆವರೆಗೆ ಕಾಯ್ತೀವಿ. ಆಮೇಲೆ ಮೆಟ್ಟಿಲ ಮೇಲೆ ಸಭೆ. ಯಾರು ಏನು ಬೇಕಾದ್ರೂ ಮಾತಾಡಬಹುದು.”

“ಯಾರ ಬಗ್ಗೆ?” ಎಂದರು ಪ್ರಿನ್ಸಿಪಾಲರು.

“ಮೊದಲು ನಿಮ್ಮ ಬಗ್ಗೆ ಅಂತ ಇದೆ ಸರ್.”

ಐದು ನಿಮಿಷದಲ್ಲಿ ಗುಮಾಸ್ತನಿಗೆ ಕರೆ ಹೋಯಿತು. ಹತ್ತೊಂಬತ್ತು ವರ್ಷದಿಂದ ಬಾಗಿಲ ಪಕ್ಕದ ಮೇಜಿನಲ್ಲಿ ಕೂತು, ಬಂದವರಿಗೆಲ್ಲ ಶೌಚಾಲಯ ಎಲ್ಲಿದೆ ಎಂದು ತೋರಿಸುತ್ತಿದ್ದ ಮನುಷ್ಯ ಅವನು. ಹೆಡ್ ಕ್ಲರ್ಕ್ ಕುರ್ಚಿ ತಿಂಗಳಿಂದ ಖಾಲಿ ಇತ್ತು. ಅದು ಕಿಟಕಿಯ ಪಕ್ಕದಲ್ಲಿತ್ತು, ಯಾರೂ ಅಲ್ಲಿಗೆ ಶೌಚಾಲಯ ಕೇಳಿಕೊಂಡು ಬರುತ್ತಿರಲಿಲ್ಲ. ಹೋದ ವರ್ಷ ಅವನ ಷಡ್ಡಕ ತನ್ನ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆದ ಮೇಲೆ, ಆ ಕುರ್ಚಿ ಸಿಗದೆ ಮನೆಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

“ನಿಮ್ಮ ಬಡ್ತಿ ಆದೇಶ ಈ ಡ್ರಾಯರ್‌ನಲ್ಲಿದೆ,” ಎಂದರು ಪ್ರಿನ್ಸಿಪಾಲರು. “ಮೂರೂವರೆಗೆ ಅನುಬಂಧ ತುಂಬಿಸಿ ತನ್ನಿ. ಎರಡಕ್ಕೂ ಒಟ್ಟಿಗೆ ಸಹಿ ಹಾಕ್ತೀನಿ.”

“ಸರ್, ನನಗೆ ಕೆಟ್ಟ ಮಾತು ಬರಲ್ಲ.”

“ಅದಕ್ಕೇ ನಿಮಗೆ ಕೊಟ್ಟಿದ್ದು. ಬರೋರು ಮಾಡಿದ್ರೆ ಪಕ್ಷಪಾತ ಆಗುತ್ತೆ.”

ಗುಮಾಸ್ತ ನೋಟ್‌ಪುಸ್ತಕ ಹಿಡಿದು ಮೊದಲು ಕಾಲೇಜು ಬಸ್ಸಿನ ಡ್ರೈವರ್ ಹತ್ತಿರ ಹೋದ. ಗೇಟಿನಲ್ಲಿ ಯಾರಾದರೂ ಅಡ್ಡ ಬಂದರೆ ಅವರ ಮೂರು ತಲೆಮಾರನ್ನು ಒಂದೇ ಉಸಿರಿನಲ್ಲಿ ವಿಚಾರಿಸಿಕೊಳ್ಳುವ ಡ್ರೈವರ್ ಆತ. ಆದರೆ ಪೆನ್ನು ಕಂಡದ್ದೇ ತಡ, ಕೈಕಟ್ಟಿ ನಿಂತ.

“ಸಂಸಾರಸ್ಥ ನಾನು. ಅಂಥ ಮಾತು ನನ್ನ ಬಾಯಲ್ಲಿ ಬರುತ್ತಾ ಸ್ವಾಮಿ?”

ಅಷ್ಟರಲ್ಲಿ ಒಂದು ಸ್ಕೂಟರು ಬಸ್ಸಿನ ಮೂತಿಯನ್ನು ಸವರಿಕೊಂಡು ಹೋಯಿತು. ಡ್ರೈವರನ ತುಟಿ ಅಲುಗಿತು. ಗುಮಾಸ್ತ ಆಸೆಯಿಂದ ಪೆನ್ನಿನ ಮುಚ್ಚಳ ತೆಗೆದ. ಡ್ರೈವರ್ ಒಂದು ದೊಡ್ಡ ಉಗುಳು ನುಂಗಿ, “ನಿಧಾನವಾಗಿ ಹೋಗಪ್ಪಾ, ಮನೇಲಿ ಕಾಯ್ತಿರ್ತಾರೆ,” ಎಂದ.

ಆಟದ ಮೇಷ್ಟ್ರು ತಮಗೆ ಸೀಟಿ ಊದುವುದು ಬಿಟ್ಟು ಬೇರೆ ಭಾಷೆಯೇ ಗೊತ್ತಿಲ್ಲ ಎಂದರು. ಗ್ರಂಥಾಲಯದಲ್ಲಿ ದೊಡ್ಡ ನಿಘಂಟು ತೆಗೆದು ನೋಡಿದರೆ ಬೇಕಾದ ಪುಟಗಳನ್ನೆಲ್ಲ ಹಳೆಯ ವಿದ್ಯಾರ್ಥಿಗಳು ಹರಿದುಕೊಂಡು ಹೋಗಿದ್ದರು. ಹನ್ನೊಂದೂವರೆಗೆ ಅವನು ಹಾಸ್ಟೆಲಿನ ಅಡುಗೆಯಮ್ಮನ ಮುಂದೆ ನಿಂತಿದ್ದ. ಆಕೆಯ ಬಾಯಿಗೆ ವಾರ್ಡನ್ ಕೂಡ ಹೆದರುತ್ತಿದ್ದರು.

“ಸುಮ್ಮಸುಮ್ಮನೆ ಹೇಗೆ ಬೈಯಲಿ?” ಎಂದಳು ಆಕೆ. “ಸಿಟ್ಟು ಬರಬೇಕು. ಬರಿಸಿ ನೋಡೋಣ.”

ಗುಮಾಸ್ತ ತನ್ನ ಜೀವಮಾನದಲ್ಲಿ ಯಾರಿಗೂ ಸಿಟ್ಟು ಬರಿಸಿದವನಲ್ಲ. ಯೋಚನೆ ಮಾಡಿ ಮಾಡಿ ಕೊನೆಗೆ, “ಈ ಅನ್ನ ನಿನ್ನೇದಾ?” ಎಂದ.

ಅಡುಗೆಯಮ್ಮ ಬೈಯಲಿಲ್ಲ. ಸೌಟು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀವೂ ಅದೇ ಕೇಳಿದ್ರಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೇಯಿಸ್ತೀನಿ. ಮುನ್ನೂರು ಜನ, ಮುನ್ನೂರು ಸಲ, ನಿನ್ನೇದಾ ನಿನ್ನೇದಾ ಅಂತಾರೆ. ಬರ್ಕೊಳ್ಳಿ, ಅದಕ್ಕಿಂತ ಕೆಟ್ಟ ಮಾತಿಲ್ಲ.”

ಗುಮಾಸ್ತನಿಗೆ ಬಹಳ ಬೇಜಾರಾಯಿತು. ಕ್ಷಮೆ ಕೇಳಿ, ‘ನಿನ್ನೇದಾ’ ಎಂದು ಬರೆದುಕೊಂಡ. ಬರೆದ ಮೇಲೆ ಅವನ ತಲೆಯಲ್ಲಿ ದೀಪ ಹತ್ತಿತು. ಇಷ್ಟು ಹೊತ್ತು ತಾನು ಕೇಳಿದ ಪ್ರಶ್ನೆಯೇ ತಪ್ಪು. ನೀವು ಆಡುವ ಕೆಟ್ಟ ಮಾತು ಯಾವುದು ಎಂದರೆ ಯಾರು ಹೇಳುತ್ತಾರೆ? ನಿಮ್ಮನ್ನು ನೋಯಿಸುವ ಮಾತು ಯಾವುದು ಎಂದು ಕೇಳಬೇಕಿತ್ತು.

ಹಾಗೆ ಕೇಳಿದ್ದೇ ಕೇಳಿದ್ದು, ಕಟ್ಟೆ ಒಡೆಯಿತು. ಬೋಳುತಲೆಯ ಗಣಿತದ ಮೇಷ್ಟ್ರು ಅವನನ್ನು ಕಂಬದ ಹಿಂದಕ್ಕೆ ಎಳೆದುಕೊಂಡು ಹೋಗಿ ‘ಕನ್ನಡಿ’ ಎಂದು ಬರೆಸಿದರು.

“ಕನ್ನಡಿ ಒಳ್ಳೆ ಪದ ಅಲ್ವಾ ಸರ್?”

“ನಿಮಗೆ ತಲೆ ತುಂಬ ಕೂದಲಿದೆ. ನಿಮಗೆ ಅರ್ಥ ಆಗಲ್ಲ.”

ಕ್ಯಾಂಟೀನಿನವನು ‘ನೀರು’ ಎಂಬ ಪದವನ್ನು ಕೊಟ್ಟ. ತನ್ನ ಟೀಗೆ ಎಲ್ಲರೂ ಅದೇ ಹೆಸರಿಟ್ಟಿದ್ದಾರೆ ಎಂದ. ವಾಚ್‌ಮನ್ ‘ಏಯ್’ ಕೊಟ್ಟ. ಎಂಟು ವರ್ಷದಿಂದ ತಾತ್ಕಾಲಿಕ ಹುದ್ದೆಯಲ್ಲಿದ್ದ ಉಪನ್ಯಾಸಕಿ ಆಚೆ ಈಚೆ ನೋಡಿ, ‘ಮುಂದಿನ ವರ್ಷ’ ಎಂದು ಪಿಸುಗುಟ್ಟಿ, ಇನ್ನೇನೂ ಹೇಳದೆ ತರಗತಿಗೆ ಹೋದಳು. ಹನ್ನೆರಡೂವರೆಗೆ ಗುಮಾಸ್ತನ ಮೇಜಿನ ಮುಂದೆ ಸಾಲು ನಿಂತಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಜನ ಅವನ ಹತ್ತಿರ ಶೌಚಾಲಯ ಬಿಟ್ಟು ಬೇರೆ ವಿಷಯಕ್ಕೆ ಬಂದಿದ್ದರು.

ಮಧ್ಯೆ ಹೆಂಡತಿಯ ಫೋನು ಬಂತು. “ಆದೇಶ ಕೈಗೆ ಬಂತಾ? ಅಕ್ಕನಿಗೆ ಹೇಳಬೇಕು.”

“ಮೂರೂವರೆಗೆ. ಅದಿರಲಿ, ನಿನ್ನನ್ನ ತುಂಬ ನೋಯಿಸೋ ಮಾತು ಯಾವುದು ಹೇಳು. ಆಫೀಸ್ ಕೆಲಸ.”

“‘ಆಮೇಲೆ ನೋಡೋಣ.’ ಮದುವೆ ಆದಾಗಿನಿಂದ ಹೇಳ್ತಿದೀರಿ.”

ಅವನು ತಲೆ ತಗ್ಗಿಸಿ ಅದನ್ನೂ ಬರೆದುಕೊಂಡ. ಮೂರು ಗಂಟೆಗೆ ಪಟ್ಟಿಯಲ್ಲಿ ನೂರ ನಲವತ್ತಮೂರು ಪದಗಳಿದ್ದವು. ಟೈಪ್ ಮಾಡುವಾಗ ಒಂದೆರಡು ಕಡೆ ಅವನ ಕಣ್ಣು ಮಂಜಾಯಿತು. ಇಷ್ಟು ಒಳ್ಳೆಯ ಕಡತವನ್ನು ತಾನು ಈವರೆಗೆ ಮಾಡಿರಲಿಲ್ಲ ಎಂದು ಅವನಿಗೆ ಹೆಮ್ಮೆಯೂ ಆಯಿತು.

ಮೂರೂವರೆಗೆ ಸಮಿತಿ ಸೇರಿತು. ಪ್ರಿನ್ಸಿಪಾಲರು, ಕಾನೂನು ಮೇಷ್ಟ್ರು, ಭಾಷಾ ಮೇಷ್ಟ್ರು, ವಾರ್ಡನ್ ಮೇಡಂ. “ನೂರ ನಲವತ್ತಮೂರು ಪದ ಸರ್,” ಎಂದು ಗುಮಾಸ್ತ ಪಟ್ಟಿಯನ್ನು ಮೇಜಿನ ಮೇಲಿಟ್ಟ. ಭಾಷಾ ಮೇಷ್ಟ್ರು ತಕ್ಷಣ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

“ಮೂವತ್ತು ವರ್ಷ ಈ ಭಾಷೆಯ ಸೇವೆ ಮಾಡಿದೀನಿ. ಅದರ ಕೊಳಚೆ ನೋಡೋ ಶಕ್ತಿ ನನಗಿಲ್ಲ.”

“ಗಟ್ಟಿಯಾಗಿ ಓದಿದ್ರೆ ಓದಿದವರಿಗೇ ಶಿಕ್ಷೆ. ಕಲಂ ನಾಲ್ಕು,” ಎಂದರು ಕಾನೂನು ಮೇಷ್ಟ್ರು. “ಗೋಡೆಗೆ ಅಂಟಿಸಿದ್ರೆ ಅಂಟಿಸಿದವರಿಗೆ. ಕಲಂ ಐದು.”

“ಸರ್, ಇದರಲ್ಲಿ ಅಂಥದ್ದೇನೂ,” ಎಂದು ಗುಮಾಸ್ತ ಬಾಯಿ ತೆರೆದ.

ವಾರ್ಡನ್ ಮೇಡಂ ಎರಡೂ ಕಿವಿ ಮುಚ್ಚಿಕೊಂಡರು. “ದಯವಿಟ್ಟು ಉದಾಹರಣೆ ಕೊಡಬೇಡಿ.”

ಹೀಗೆ ಯಾರೂ ಓದದೆ ಪಟ್ಟಿ ಸರ್ವಾನುಮತದಿಂದ ಅಂಗೀಕಾರವಾಯಿತು. ಪ್ರಿನ್ಸಿಪಾಲರು ಮುಖ ಪಕ್ಕಕ್ಕೆ ಹಿಡಿದು ಕೊನೆಯ ಪುಟಕ್ಕೆ, ಜೊತೆಗೆ ಬಡ್ತಿ ಆದೇಶಕ್ಕೂ ಸಹಿ ಹಾಕಿದರು. ಹಾಳೆಗಳು ದಪ್ಪ ಲಕೋಟೆಗೆ ಹೋದವು, ಲಕೋಟೆಗೆ ಅರಗಿನ ಮುದ್ರೆ ಬಿತ್ತು.

ನಾಲ್ಕು ಗಂಟೆಗೆ ಮೆಟ್ಟಿಲ ಕೆಳಗೆ ಇಡೀ ಕಾಲೇಜು ನೆರೆದಿತ್ತು. ಪ್ರಿನ್ಸಿಪಾಲರು ಲಕೋಟೆಯನ್ನು ಎತ್ತಿ ತೋರಿಸಿದರು. “ಅನುಬಂಧ ಇದರಲ್ಲಿದೆ. ಸಭ್ಯತೆಯ ಕಾರಣದಿಂದ ಇದನ್ನ ಯಾರೂ ತೆರೆಯೋ ಹಾಗಿಲ್ಲ.”

“ಯಾವ ಪದ ಅಂತ ಗೊತ್ತಿಲ್ಲದೆ ನಮ್ಮನ್ನ ಹೇಗೆ ಶಿಕ್ಷಿಸ್ತೀರಿ ಸರ್?” ಎಂದಳು ಮೈಕು. ಅವಳ ಪ್ರಶ್ನೆ ಪಕ್ಕದ ರಸ್ತೆಗೂ ಕೇಳಿಸಿತು.

ಕಾನೂನು ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಹುಡುಗಿ ಹೇಳೋದು ನ್ಯಾಯ. ಪಟ್ಟಿ ಗೊತ್ತಿಲ್ಲದವರನ್ನ ಶಿಕ್ಷಿಸೋಕಾಗಲ್ಲ. ಪಟ್ಟಿ ಗೊತ್ತಿರೋರಿಗೆ ಮಾತ್ರ ನಿಯಮ ಅನ್ವಯ.”

“ಯಾರಿಗೆ ಗೊತ್ತು?”

ಕಾನೂನು ಮೇಷ್ಟ್ರು ಪ್ರಿನ್ಸಿಪಾಲರನ್ನು ನೋಡಿದರು. ಪ್ರಿನ್ಸಿಪಾಲರು ತಾವು ಓದಿಲ್ಲ ಎಂದರು. ಭಾಷಾ ಮೇಷ್ಟ್ರು ತಾವು ಗೋಡೆ ನೋಡುತ್ತಿದ್ದುದಾಗಿ ಹೇಳಿದರು. ಪದ ಕೊಟ್ಟ ನೂರಾರು ಜನ ತಮ್ಮ ತಮ್ಮ ಉಗುರು ನೋಡಿಕೊಂಡರು. ಕೊನೆಗೆ ಎಲ್ಲರ ಕಣ್ಣೂ ಒಬ್ಬನ ಮೇಲೆ ನಿಂತವು.

ಹಾಗೆ ರಾಜಿಯಾಯಿತು. ನಿಯಮವೂ ಉಳಿಯಿತು, ಸ್ವಾತಂತ್ರ್ಯವೂ ಉಳಿಯಿತು. ನಿಯಮ ಗುಮಾಸ್ತನೊಬ್ಬನಿಗೆ, ಸ್ವಾತಂತ್ರ್ಯ ಉಳಿದವರಿಗೆ. ಜನ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ಖುಷಿಯಲ್ಲಿ ಬಡ್ತಿ ಆದೇಶವನ್ನು ಅಲ್ಲೇ ಅವನ ಕೈಗಿತ್ತು, “ಎರಡು ಮಾತಾಡಿ,” ಎಂದರು.

“ಜೋಪಾನ,” ಎಂದು ಕಾನೂನು ಮೇಷ್ಟ್ರು ಅವನ ಕಿವಿಯಲ್ಲಿ ಹೇಳಿದರು. “ಪಟ್ಟಿಯ ಒಂದು ಪದ ಬಾಯಿಂದ ಬಂದ್ರೂ ಬಡ್ತಿ ಐದು ವರ್ಷ ಮುಂದಕ್ಕೆ. ಕಲಂ ಒಂಬತ್ತು.”

ಗುಮಾಸ್ತ ಕಾಗದವನ್ನು ಮಡಿಸಿ ಜೇಬಿಗಿಟ್ಟ. ‘ಮಾನ್ಯರೇ’ ಎನ್ನಲು ಬಾಯಿ ತೆರೆದು, ಹಾಗೇ ಮುಚ್ಚಿದ. ಅದು ಹನ್ನೆರಡನೆಯ ಪದ; ನೌಕರಿಯಿಂದ ತೆಗೆಯುವ ಪತ್ರಗಳೆಲ್ಲ ಹಾಗೇ ಶುರುವಾಗುತ್ತವೆ ಎಂದು ಯಾರೋ ಕೊಟ್ಟಿದ್ದರು. ‘ಧನ್ಯವಾದ’ ಎಪ್ಪತ್ತೊಂದನೆಯದು, ಹೆಚ್ಚು ಕೆಲಸ ಮಾಡಿಸಿಕೊಂಡು ಅದೊಂದನ್ನೇ ಕೊಡುತ್ತಾರೆ ಎಂಬ ದೂರಿನ ಮೇಲೆ ಬಂದದ್ದು. ‘ಸಂತೋಷ’ ಪ್ರಿನ್ಸಿಪಾಲರು ರಜೆ ನಿರಾಕರಿಸುವ ಮುಂಚೆ ಹೇಳುವ ಮಾತು. ‘ಸರ್’ ಕೂಡ ಪಟ್ಟಿಯಲ್ಲಿತ್ತು. ಹಾಗೆ ಕರೆಸಿಕೊಂಡು ಬೇಸತ್ತ ಮೂವರು ಮೇಡಂಗಳು ಒಟ್ಟಿಗೆ ಬಂದು ಬರೆಸಿದ್ದರು.

ಅವನು ನೀರಿನಿಂದ ತೆಗೆದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದ. ಬಾಯಿಗೆ ಬಂದದ್ದೆಲ್ಲ ಯಾರನ್ನೋ ನೋಯಿಸಿದ ಪದವೇ ಆಗಿತ್ತು. ಪ್ರಿನ್ಸಿಪಾಲರ ಹುಬ್ಬು ಗಂಟಾಯಿತು.

“ಏನ್ರೀ, ಬಡ್ತಿ ಸಿಕ್ಕ ಕೂಡ್ಲೇ ನಮ್ಮ ಜೊತೆ ಮಾತೇ ಬೇಡ್ವಾ? ಬೇಡ ಅಂದ್ರೆ ಆದೇಶ ವಾಪಸ್ ಕೊಡಿ.”

ಆಗ ಗುಮಾಸ್ತನಿಗೆ ಹೊಳೆಯಿತು. ಪಟ್ಟಿಯಲ್ಲಿ ಖಂಡಿತ ಇರದ ಪದ ಒಂದಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಸೋದರಮಾವನ ಮಗನಿಂದ ಕಲಿತು, ಮನೆಯಲ್ಲಿ ಒಂದೇ ಒಂದು ಸಲ ಹೇಳಿ, ಅಪ್ಪನಿಂದ ಏಟು ತಿಂದ ಪದ. ಮರ್ಯಾದಸ್ಥರು ಯಾರೂ ಅದನ್ನು ಅವನಿಂದ ಬರೆಸಿರಲಿಲ್ಲ. ನೂರ ನಲವತ್ತಮೂರರಲ್ಲಿ ಅದು ಇರಲೇ ಇಲ್ಲ.

ಗುಮಾಸ್ತ ಕೈಮುಗಿದು, ತಲೆಬಾಗಿ, ಕೃತಜ್ಞತೆ ತುಂಬಿದ ದನಿಯಲ್ಲಿ ಆ ಪದವನ್ನು ಹೇಳಿದ.

ಅದನ್ನು ಇಲ್ಲಿ ಬರೆಯುವಂತಿಲ್ಲ. ವಾರ್ಡನ್ ಮೇಡಂ ಮೆಟ್ಟಿಲ ಮೇಲೆ ಕುಸಿದು ಕೂತರು ಎಂದಷ್ಟೇ ಹೇಳಬಹುದು. ದೂರದಲ್ಲಿ ಬಸ್ ಡ್ರೈವರ್ ಟೋಪಿ ತೆಗೆದು ಗೌರವದಿಂದ ಎದ್ದು ನಿಂತ.

“ಆ ಪದ ಪಟ್ಟಿಯಲ್ಲಿದೆಯಾ ಇಲ್ವಾ?” ಎಂದು ಕಾನೂನು ಮೇಷ್ಟ್ರು ಕೇಳಿದರು. “ಇಲ್ಲ ಅಂದ್ರೆ ನೀವು ನಿರಪರಾಧಿ. ಬಾಯಿಬಿಟ್ಟು ಹೇಳಿ.”

ಗುಮಾಸ್ತ ಬಾಯಿಬಿಟ್ಟ. ‘ಇಲ್ಲ’ ಒಂಬತ್ತನೆಯ ಪದ. ಯಾವ ಪುಸ್ತಕ ಕೇಳಿದರೂ ಲೈಬ್ರರಿಯನ್ ಅದನ್ನೇ ಹೇಳುತ್ತಾನೆಂದು ಇಡೀ ಎರಡನೇ ವರ್ಷ ಸೇರಿ ಕೊಟ್ಟದ್ದು. ‘ಹೊರಗಿದೆ’ ಎನ್ನೋಣವೆಂದರೆ ‘ಹೊರಗೆ’ ತಡವಾಗಿ ಬಂದು ತರಗತಿಯ ಆಚೆ ನಿಲ್ಲುವ ಹುಡುಗರು ಕೊಟ್ಟ ಪದ. ಅವನು ತಲೆ ಅಲ್ಲಾಡಿಸಿದ.

“ತಲೆ ಅಲ್ಲಾಡಿಸೋದು ಸಾಕ್ಷ್ಯ ಅಲ್ಲ.”

“ಲಕೋಟೆ ಒಡೆದು ನೋಡಿ,” ಎಂದಳು ಮೈಕು.

“ಒಂದು ಕೇಳಿದ್ದಕ್ಕೇ ಹೀಗಾಯ್ತು,” ಎಂದರು ಭಾಷಾ ಮೇಷ್ಟ್ರು, ಕಿವಿಯಿಂದ ಬೆರಳು ತೆಗೆಯದೆ. “ಇನ್ನೂ ನೂರ ನಲವತ್ತೆರಡು ನೋಡಬೇಕಾ?”

ನಾಲ್ಕು ಮುಕ್ಕಾಲಿಗೆ ಗುಮಾಸ್ತ ಬಾಗಿಲ ಪಕ್ಕದ ಮೇಜಿನಲ್ಲಿ ಕೂತು, ತನ್ನ ಬಡ್ತಿ ಐದು ವರ್ಷ ತಡೆಹಿಡಿದ ಆದೇಶವನ್ನು ಟೈಪ್ ಮಾಡುತ್ತಿದ್ದ. ಬೇರೆ ಯಾರಿಗೂ ಟೈಪಿಂಗ್ ಬರುತ್ತಿರಲಿಲ್ಲ. ‘ಆಡಿದ ಪದ’ ಎಂಬಲ್ಲಿ ಜಾಗ ಖಾಲಿ ಬಿಡಲು ಪ್ರಿನ್ಸಿಪಾಲರು ಹೇಳಿದ್ದರು. ಅವನಿಗೆ ಗಟ್ಟಿಯಾಗಿ ಅಳಬೇಕೆನ್ನಿಸುತ್ತಿತ್ತು.

ಮೈಕು ಹೂಗುಚ್ಛ ಹಿಡಿದು ಒಳಗೆ ಬಂದಳು. ಹಿಂದೆ ಇಪ್ಪತ್ತು ಜನ.

“ಪ್ರಿನ್ಸಿಪಾಲರ ಮುಖದ ಮೇಲೆ ಅಂಥ ಮಾತು ಹೇಳೋ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಸಂಘ ಈಗಷ್ಟೇ ಸೇರಿ ತೀರ್ಮಾನ ಮಾಡಿದೆ. ಇವತ್ತಿನಿಂದ ವಾಕ್‌ಸ್ವಾತಂತ್ರ್ಯ ಸಂಘಕ್ಕೆ ನೀವೇ ಅಧ್ಯಕ್ಷರು. ಬೇಡ ಅನ್ನೋದಾದ್ರೆ ಈಗಲೇ ಬಾಯಿಬಿಟ್ಟು ಹೇಳಿಬಿಡಿ.”

ಇಡೀ ಕಾಲೇಜಿನಲ್ಲಿ ಮಾತಾಡಲು ಅನುಮತಿಯಿಲ್ಲದ ಒಬ್ಬನೇ ಮನುಷ್ಯ ‘ಬೇಡ’ ಎನ್ನಲು ಬಾಯಿ ತೆರೆದು, ಅದೂ ಪಟ್ಟಿಯಲ್ಲಿದೆ ಎಂದು ನೆನಪಾಗಿ ಮುಚ್ಚಿದ. ಅವರು ಕಾದರು. ಅವನು ಏನೂ ಹೇಳದಿದ್ದುದರಿಂದ ಹೂಗುಚ್ಛವನ್ನು ಟೈಪ್‌ರೈಟರಿನ ಮೇಲಿಟ್ಟು, ಚಪ್ಪಾಳೆ ತಟ್ಟಿ, ನಾಳೆ ಬೆಳಿಗ್ಗೆ ಹತ್ತಕ್ಕೆ ಅವನ ಮೊದಲ ಭಾಷಣ ಎಂದು ಬೋರ್ಡಿನ ಮೇಲೆ ಬರೆದು ಹೋದರು.