ಹಾರಿಹೋದ ತಗಡು ಯಾರದು?

“ವಿಮೆ ಕಂಪನಿಗೆ ನೀರು ಕುಡಿಸದಿದ್ದರೆ ನಾನು ಗಂಡಸೇ ಅಲ್ಲ!” ಎಂದು ಹೆಂಡತಿ ರಾಮಲಕ್ಷ್ಮಮ್ಮನ ಮುಂದೆ ಘೋಷಿಸಿದೆ.

ಎಂಬತ್ತೆರಡರ ಬೇಸಿಗೆ. ಮುಳಬಾಗಿಲಿನ ನಮ್ಮ ಅಡುಗೆಮನೆಯ ತಗಡಿನ ಸೂರನ್ನು ಬಿರುಗಾಳಿ ಹೊತ್ತೊಯ್ದಿತ್ತು. ಮಳೆಗಾಲಕ್ಕೆ ಮೊದಲು ಹೊಸ ತಗಡು ಬೇಕು. ಕೊಡಬೇಕಾದದ್ದು ವಿಮೆಯವರು.

ಕೋಲಾರದಿಂದ ಸರ್ವೇಯರ್ ಸುಬ್ಬರಾಯಪ್ಪ ಬಂದರು.

“ತಗಡಿನ ಮೇಲೆ ಕಲ್ಲು ಹೇರಿದ್ರಾ?”

“ಒಂದೊಂದೂ ರುಬ್ಬುಗುಂಡಿನಷ್ಟು ಸಾರ್!”

“ಹಾಗಾದ್ರೆ ಗಾಳಿಗೆ ಹಾರೋಕೆ ಸಾಧ್ಯವಿಲ್ಲ.”

“ಹೇರಿರಲಿಲ್ಲ ಅಂತ ಇಟ್ಕೊಳ್ಳಿ.”

“ಹಾಗಾದ್ರೆ ನಿಮ್ಮದೇ ತಪ್ಪು. ಹೋಗ್ಲಿ, ಹಾರಿದ್ದು ಎಲ್ಲಿ ಬಿತ್ತು? ತೋರಿಸಿ.”

ಅಲ್ಲೇ ಇತ್ತು ತೊಡಕು. ಅದು ಬಿದ್ದದ್ದು ನಮಗೆ ಹಾಲು ಹಾಕುವ ಎದುರುಮನೆ ಆವಲಮ್ಮನ ಎಮ್ಮೆ ಕೊಟ್ಟಿಗೆಯ ಮೇಲೆ, ಹೆಂಚೆಲ್ಲ ಪುಡಿ! ಆಕೆ ಜಗಳಕ್ಕೆ ಬಂದಾಗ, “ಗಾಳಿ ಎಲ್ಲಿತ್ತಕ್ಕಾ? ಈ ತಗಡು ನಮ್ದಲ್ಲ” ಎಂದು ಬೀದಿಯವರ ಎದುರು ಕರ್ಪೂರ ಆರಿಸಿ ಪ್ರಮಾಣ ಮಾಡಿದ್ದೆ. ಆಕೆಯೋ, ಸಾಕ್ಷಿಗಿರಲಿ ಎಂದು ತಗಡನ್ನು ಅಲ್ಲೇ ಬಿಟ್ಟಿದ್ದಳು.

“ಮರ್ಯಾದೆ ಬೇಕೋ ಸೂರು ಬೇಕೋ, ಬೇಗ ಹೇಳ್ರೀ! ಮೋಡ ಕಟ್ಕೊಳ್ತಿದೆ” ಎಂದು ರಾಮಲಕ್ಷ್ಮಮ್ಮ ಕಿವಿಯಲ್ಲಿ ಉಸುರಿದಳು.

ಸೂರೇ ಗೆದ್ದಿತು. ಸರ್ವೇಯರನ್ನು ಕೊಟ್ಟಿಗೆಗೆ ಕರೆದೊಯ್ದು ಗುಡುಗಿದೆ: “ಅಗೋ ಸಾರ್, ನನ್ನದೇ ತಗಡು! ನಾನೇ ಬಳಿದ ಹಸಿರು ಬಣ್ಣ! ಅವತ್ತಿನ ಗಾಳಿಗೆ ಆನೆ ಕಟ್ಟಿದ್ರೂ ಹಾರ್ತಿತ್ತು!”

ಪೊರಕೆ ಹಿಡಿದೇ ಆವಲಮ್ಮ ಹೊರಬಂದಳು. “ಏಮಪ್ಪೋ! ಮೊನ್ನೆ ಕರ್ಪೂರ ಆರಿಸ್ದಲ್ಲಾ, ನಂದಲ್ಲ ಅಂತ?”

“ನಾನೆಲ್ಲಿ ಆರಿಸ್ದೆ ಅಕ್ಕಾ? ಅದನ್ನ ಆರಿಸಿದ್ದೂ ಗಾಳೀನೇ!”

ಬೀದಿಯೇ ನಕ್ಕಿತು. ಸುಬ್ಬರಾಯಪ್ಪನವರು ನಗು ತಡೆಯಲಾರದೆ, ‘ಹಾನಿಗೆ ಕಾರಣ: ಬಿರುಗಾಳಿ’ ಎಂದು ಬರೆದೇಬಿಟ್ಟರು. ಜಯಭೇರಿ!

ಮಳೆಗೆ ಮೊದಲೇ ಹೊಸ ತಗಡು ಬಂತು. ದಿಗ್ವಿಜಯ ಮುಗಿಸಿದ ದೊರೆಯಂತೆ ನಾನು ಬೀದಿಯಲ್ಲಿ ನಿಂತೆ. ಆಳುಗಳು ತಗಡನ್ನು ಹೊತ್ತು ಸೀದಾ ಆವಲಮ್ಮನ ಕೊಟ್ಟಿಗೆಯತ್ತ ನಡೆದರು!

“ಲೇ, ನಮ್ಮನೆ ಈ ಕಡೆ ಕಣ್ರೋ!”

“ನಾನೇ ಕಳಿಸಿದ್ದು, ಸುಮ್ನಿರಿ” ಎಂದಳು ರಾಮಲಕ್ಷ್ಮಮ್ಮ. “ನಿಮ್ಮ ತಗಡು ಒಡೆದ ಹೆಂಚಿಗೆ ಇನ್ಯಾರು ಕೊಡ್ತಾರೆ? ಉಳಿದದ್ದು ನಮ್ಮ ಒಲೆ ಮೇಲಕ್ಕೆ ಸಾಕು.”

“ನಾನು ಊಟಕ್ಕೆ ಕೂರೋ ಜಾಗ?”

“ಎಮ್ಮೆ ನೆನೆದ್ರೆ ನಮಗೆ ಹಾಲು ನಿಂತುಹೋಗತ್ತೆ. ನೀವು ನೆನೆದ್ರೆ ಯಾರಿಗೇನು ನಷ್ಟ?”