ಸೋದರತ್ತೆ ತೆಗೆದುಕೊಂಡ ಪೊಲೀಸ್ ಟೋಪಿ

ಫಾಂಗಲೊಲೊ ಗ್ರಾಮ, ಟೊಂಗಾ
ಸೋಮವಾರ

ನಮ್ಮ ದ್ವೀಪದ ಪೊಲೀಸ್ ಠಾಣೆಯ ಇನ್ಸ್‌ಪೆಕ್ಟರ್ ಶ್ರೀಮಾನ್ ಹೇಮಲೊಟೊ ಅವರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಠಾಣೆಯ ಸಮಸ್ತ ಸಿಬ್ಬಂದಿಗೂ, ಕಳೆದ ಚಂಡಮಾರುತದಿಂದೀಚೆಗೆ ಮುಂದಿನ ಚಕ್ರವಿಲ್ಲದೆ ಠಾಣೆಯ ಅಂಗಳದಲ್ಲಿ ವಿಶ್ರಾಂತಿ ಪಡೆಯುತ್ತಿರುವ ತಮ್ಮ ಜೀಪಿಗೂ ಫಾಂಗಲೊಲೊ ಗ್ರಾಮದ ಚಾಪೆ ಹೆಣೆಯುವ ಹೆಂಗಸರ ಸಂಘದ ಅಧ್ಯಕ್ಷೆ ಲುಸೇನಾ ಪೌಂಗಾ ಸಲ್ಲಿಸುವ ವಂದನೆಗಳು. ದೇವರು ತಮಗೆ ಒಳ್ಳೆಯ ಆರೋಗ್ಯವನ್ನೂ, ಕಡತಗಳನ್ನು ಕೊನೆಯ ಪುಟದವರೆಗೆ ಓದುವಷ್ಟು ತಾಳ್ಮೆಯನ್ನೂ ಕೊಡಲಿ. ಈ ಪತ್ರದ ಒಂದು ಪ್ರತಿಯನ್ನು ಅಂಗಡಿಯ ಬಾಗಿಲಿಗೂ ಇನ್ನೊಂದನ್ನು ಚರ್ಚಿನ ಸಭಾಂಗಣದ ಗೋಡೆಗೂ ಅಂಟಿಸಿದ್ದೇನೆ. ನನ್ನ ಸೋದರಳಿಯನ ಮೇಲಿನ ನೋಟಿಸನ್ನು ತಾವು ಠಾಣೆಯ ಹೊರಗೋಡೆಗೆ, ಹೋಗಿಬರುವವರೆಲ್ಲ ಓದುವಂತೆ ಅಂಟಿಸಿದ್ದೀರಲ್ಲ, ಅದರ ಅಂದವನ್ನು ಕಂಡು ಆ ಪದ್ಧತಿಯನ್ನು ನಾನೂ ಕಲಿತೆ.

ಆ ನೋಟಿಸನ್ನು ನಾನು ಎರಡು ಸಲ ನಿಂತು ಓದಿದ್ದೇನೆ. ನನ್ನ ತಮ್ಮನ ಮಗನಾದ ಕಾನ್‌ಸ್ಟೇಬಲ್ ಪೌಲಿಯಾಸಿ ಫಿಫಿತಾ ಎಂಬವನು ತಾನು ತಡೆದು ನಿಲ್ಲಿಸಿದ ವಾಹನದ ಚಾಲಕಿಗೆ ಸರ್ಕಾರದ ಟೋಪಿಯನ್ನು ಕೊಟ್ಟನೆಂದೂ, ಸಮವಸ್ತ್ರದಲ್ಲಿರುವಾಗ ಸಾರ್ವಜನಿಕ ರಸ್ತೆಯಲ್ಲಿ ಆಕೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತನೆಂದೂ, ಯಾವ ದಂಡದ ಚೀಟಿಯನ್ನೂ ಬರೆಯದೆ ಆಕೆಯನ್ನು ಕಳುಹಿಸಿದನೆಂದೂ, ಇದೇ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ವಿಚಾರಣೆ ನಡೆದು, ತಪ್ಪು ಸಾಬೀತಾದರೆ ಅವನ ಸಮವಸ್ತ್ರವನ್ನು ಹಿಂದಕ್ಕೆ ಪಡೆಯಲಾಗುವುದೆಂದೂ ಅದರಲ್ಲಿದೆ. ಚಾಲಕಿಯ ಹೆಸರನ್ನು ಮಾತ್ರ ತಾವು ಬರೆದಿಲ್ಲ. ಆ ದಾಕ್ಷಿಣ್ಯಕ್ಕೆ ಕೃತಜ್ಞಳಾಗಿದ್ದೇನೆ. ಆದರೆ ಇದು ಒಟ್ಟು ಎಂಟು ಪಿಕಪ್ ಇರುವ ದ್ವೀಪ, ಮತ್ತು ಪೌಲಿಯಾಸಿಯನ್ನು ನೆಲಕ್ಕೆ ಕೂರಿಸಬಲ್ಲ ಹೆಂಗಸು ಇಲ್ಲಿ ಒಬ್ಬಳೇ. ಆ ಚಾಲಕಿ ನಾನು.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಅಂದೂ ಶುಕ್ರವಾರವೇ, ಇಂದಿಗೆ ಹತ್ತು ದಿನದ ಹಿಂದೆ. ಒಂದು ವಾರ ಕಲ್ಲು ಹೇರಿ ಸಮುದ್ರದ ನೀರಿನಲ್ಲಿ ಮುಳುಗಿಸಿಟ್ಟಿದ್ದ ಕೇದಗೆ ಎಲೆಯ ಕಟ್ಟುಗಳನ್ನು ಎತ್ತಿ ಪಿಕಪ್ಪಿನ ಹಿಂದೆ ಹೇರಿ, ಅವುಗಳ ಮೇಲೆ ನಮ್ಮ ಸಂಘದ ಆರು ಹೆಂಗಸರನ್ನು ಕೂರಿಸಿಕೊಂಡು ಊರಿಗೆ ಮರಳುತ್ತಿದ್ದೆ. ಆರು ಎಂದರೆ ನಮ್ಮ ಊರಿನ ಆರು. ತಕ್ಕಡಿಯಲ್ಲಿ ಇಟ್ಟರೆ ಬೇರೆ ಊರಿನ ಹತ್ತು. ದೀವಿಹಲಸಿನ ಮರದ ತಿರುವಿನಲ್ಲಿ ಪೌಲಿಯಾಸಿ ಕೈ ಎತ್ತಿ ನಿಂತಿದ್ದ. ಗಾಡಿಯೊಳಗೆ ಯಾರಿದ್ದಾರೆಂದು ತಿಳಿದಾಗ ಆ ಕೈ ಅರ್ಧಕ್ಕೆ ಇಳಿಯಿತು, ಮತ್ತೆ ಏನೋ ನೆನಪಾದಂತೆ ಮೇಲೇರಿತು. ನಾನು ನಿಲ್ಲಿಸಿದೆ. ಸರ್ಕಾರದ ಮೇಲಿನ ಗೌರವಕ್ಕಲ್ಲ, ಬ್ರೇಕ್ ಸರಿಯಿದೆಯೇ ಎಂದು ನೋಡಬೇಕಾಗಿತ್ತು.

ತಮ್ಮ ಕಾನ್‌ಸ್ಟೇಬಲ್ ಆರು ಅಡಿ ಮೂರು ಅಂಗುಲ ಎತ್ತರದವನು. ಅವನು ನಿಂತರೆ ಅವನ ತಲೆ ನನ್ನ ಗಾಡಿಯ ಸೂರಿಗಿಂತ ಮೇಲೆ ಹೋಗುತ್ತದೆ, ಮತ್ತು ನಮ್ಮಲ್ಲಿ ಯಾವ ಗಂಡಸೂ ತನ್ನ ತಲೆ ಸೋದರತ್ತೆಯ ತಲೆಗಿಂತ ಮೇಲಿರುವಂತೆ ನಿಂತು ಮಾತಾಡುವುದಿಲ್ಲ. ಹಾಗೆಂದು ಅವನು ಓಡಿಹೋಗಲೂ ಇಲ್ಲ. ಬಿಸಿಲಿಗೆ ಕಾದ ರಸ್ತೆಯ ಮೇಲೆ ಕಾಲು ಮಡಚಿ ಕುಳಿತುಬಿಟ್ಟ. ನನಗೆ ಕಿಟಕಿಯಿಂದ ಅವನು ಕಾಣಲೂ ಇಲ್ಲ, ದನಿ ಮಾತ್ರ ಕೆಳಗಿನಿಂದ ಬಂತು.

"ಅತ್ತೆ, ಚೆನ್ನಾಗಿದ್ದೀರಾ?"

"ಯಾರಪ್ಪಾ ಅದು, ಚಕ್ರದ ಹತ್ರ?"

"ನಾನೇ ಅತ್ತೆ, ಪೌಲಿಯಾಸಿ. ಲೈಸೆನ್ಸ್ ಸ್ವಲ್ಪ ತೋರಿಸ್ತೀರಾ?"

"ಬಿಸಿಲು ನೋಡು ಹೆಂಗಿದೆ. ಮೊದ್ಲು ಆ ಟೋಪಿ ಕೊಡು ಇಲ್ಲಿ."

ಅವನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ತಮ್ಮನ ಮಕ್ಕಳ ವಸ್ತುಗಳಲ್ಲಿ ಸೋದರತ್ತೆ ಕೇಳಿದ್ದು ಅವಳದು; ಹೀಗೆ ನಾನು ಅವನಿಂದ ಒಂದು ಹಂದಿಮರಿಯನ್ನೂ, ಒಂದು ರೇಡಿಯೋವನ್ನೂ, ಅವನ ಮದುವೆಗೆ ಬಂದ ಚಾಪೆಗಳಲ್ಲಿ ಅತಿ ನುಣುಪಾದದ್ದನ್ನೂ ತೆಗೆದುಕೊಂಡಿದ್ದೇನೆ, ಅವನು ಒಂದು ಸಲವೂ ಮುಖ ಸಿಂಡರಿಸಿದವನಲ್ಲ. ಆಗ ಹಿಂದಿನಿಂದ ಕಲೊಲೈನೆ ಎಂಬ ನಮ್ಮ ಸಂಘದ ಸದಸ್ಯೆ, "ಏ ಪೌಲಿಯಾಸಿ, ಷರ್ಟೂ ಬಿಚ್ಚಿಕೊಟ್ಬಿಡೋ, ನಿಮ್ಮತ್ತೆಗೆ ಬೆವರು ಒರೆಸ್ಕೊಳ್ಳಕ್ಕೆ ಬೇಕಂತೆ!" ಎಂದು ಕೂಗಿದಳು. ಉಳಿದ ಐವರು ನಕ್ಕ ರಭಸಕ್ಕೆ ಗಾಡಿ ಅಲುಗಾಡಿತು. ಅವರಿಗೆ ಅಲ್ಲಿಂದ ಕಂಡದ್ದು ಇಷ್ಟೇ: ಪೊಲೀಸು ಕುಳಿತ, ಟೋಪಿ ಒಳಗೆ ಹೋಯಿತು, ಗಾಡಿ ಹೊರಟಿತು.

ಮಾನ್ಯರೇ, ಇದಾದ ಮೇಲೆ ತಾವು ಸ್ವತಃ ನಮ್ಮ ಮನೆಗೆ ತನಿಖೆಗೆ ಬಂದಿರಿ. ಆ ತನಿಖೆಯನ್ನು ಹೊಗಳಲು ನನಗೆ ಪದಗಳಿಲ್ಲ. ಊರಿನವರು ತಮ್ಮನ್ನು ದೂರದಿಂದ ಕಂಡಾಗಲೇ ಸಂಭ್ರಮದಿಂದ ಎದ್ದು ನಿಂತರು, ಕೈ ಬೀಸಿದರು, ಮತ್ತು ತಾವು ಹತ್ತಿರ ಬರುವಷ್ಟರಲ್ಲಿ ಒಬ್ಬೊಬ್ಬರಾಗಿ ತೋಟದ ಕಡೆ ನಡೆದರು. ನಾನು ತಮಗೆ ಮನೆಯ ಒಂದೇ ಕುರ್ಚಿಯನ್ನು ಕೊಟ್ಟೆ, ನೆಲದೊಲೆಯಿಂದ ಆಗತಾನೇ ತೆಗೆದ ಗೆಣಸನ್ನೂ, ತೆಂಗಿನ ಹಾಲು ಹಾಕಿ ಕೆಸುವಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸವನ್ನೂ ಬಡಿಸಿದೆ. ತಾವು ನಾಲ್ಕು ಪೊಟ್ಟಣ ತಿಂದಿರಿ, ನಾಲ್ಕು ಪ್ರಶ್ನೆ ಕೇಳಿದಿರಿ. ನಾನು ಬಡಿಸಿದ್ದನ್ನೆಲ್ಲ ತಾವು ಉಂಡಿರಿ, ಹೇಳಿದ್ದರಲ್ಲಿ ಒಂದನ್ನೂ ನಂಬಲಿಲ್ಲ. ನಾನೂ ತಮಗೆ ನಂಬುವಂಥದ್ದೇನನ್ನೂ ಹೇಳಿರಲಿಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದುದನ್ನು ತೋರಿಸಿ ತಾವು "ಆ ಟೋಪಿ ಯಾರದಮ್ಮಾ?" ಎಂದಿರಿ. ನಾನು "ನಂದು" ಎಂದೆ. "ಅದರ ಮೇಲೆ ಸರ್ಕಾರದ ಕಿರೀಟ ಇದೆಯಲ್ಲಾ?" ಎಂದಿರಿ. "ಸರ್ಕಾರ ನನ್ ತಮ್ಮನ ಮಗನಿಗೆ ಕೊಡ್ತು, ಅವನು ನನಗೆ ಕೊಟ್ಟ, ಇನ್ನೊಂದು ಪೊಟ್ಟಣ ಹಾಕ್ಲಾ?" ಎಂದೆ. ತಾವು ಹಾಕಿಸಿಕೊಂಡಿರಿ. ನೋಟಿಸು ಮರುದಿನ ಬಂತು.

ಇಂಥ ತೊಂದರೆ ಮರುಕಳಿಸದಂತೆ ಸರ್ಕಾರಕ್ಕೆ ಕೆಲವು ಸಲಹೆಗಳನ್ನು ವಿನಯದಿಂದ ಕೊಡಬಯಸುತ್ತೇನೆ. ಪೊಲೀಸ್ ಕೆಲಸಕ್ಕೆ ಸೇರಿಸಿಕೊಳ್ಳುವಾಗ ತಂದೆಗೆ ಅಕ್ಕತಂಗಿಯರಿಲ್ಲದವರನ್ನೇ ಹುಡುಕುವುದು ಉತ್ತಮ. ಇಡೀ ದೇಶದಲ್ಲಿ ಅಂಥವರು ಏಳೆಂಟು ಮಂದಿ ಸಿಕ್ಕಾರು. ಅದಾಗದಿದ್ದರೆ ನಾಲ್ಕು ಅಡಿಗಿಂತ ಗಿಡ್ಡನೆಯ ಕಾನ್‌ಸ್ಟೇಬಲರನ್ನು ನೇಮಿಸಬಹುದು. ಅದೂ ಆಗದಿದ್ದರೆ ರಸ್ತೆಯ ಪ್ರತಿ ತಿರುವಿನಲ್ಲೂ ಮೂರಡಿ ಆಳದ ಗುಂಡಿ ತೋಡಿಸಿದರೆ, ಅಧಿಕಾರಿಯು ಅದರೊಳಗೆ ನಿಂತು, ಅತ್ತೆಗೆ ಅಗೌರವವಾಗದಂತೆಯೂ ಕಾನೂನು ಬಾಗಿದಂತೆ ಕಾಣದಂತೆಯೂ ಕರ್ತವ್ಯ ನಿರ್ವಹಿಸಬಹುದು. ನಮ್ಮ ರಸ್ತೆಯ ಮಟ್ಟಿಗೆ ಲೋಕೋಪಯೋಗಿ ಇಲಾಖೆಯವರು ಈ ಕೆಲಸವನ್ನು ಈಗಾಗಲೇ ಬಹುಪಾಲು ಮುಗಿಸಿದ್ದಾರೆ.

ಇಷ್ಟು ಬರೆದ ಮೇಲೆ, ನಾನು ಪೊಲೀಸರನ್ನು ಕಂಡರಾಗದವಳೆಂದು ತಾವು ತಿಳಿಯಬಹುದು. ನಂಬುವುದಿಲ್ಲ, ನಿಜ. ಆದರೆ ಹದಿನಾರು ವರ್ಷದ ಹಿಂದೆ ನನ್ನ ತಮ್ಮ, ಪೌಲಿಯಾಸಿಯ ತಂದೆ, ಮೀನಿಗೆ ಹೋದವನು ಮರಳದೆ ಇದ್ದಾಗ, ಮೂರನೆಯ ದಿನಕ್ಕೆ ಊರಿನ ದೋಣಿಗಳೆಲ್ಲ ದಡಕ್ಕೆ ಬಂದುಬಿಟ್ಟವು. ಪೊಲೀಸರ ದೋಣಿ ಮಾತ್ರ ಎಂಟು ದಿನ ಹುಡುಕಿತು. ಅವನು ಸಿಗಲಿಲ್ಲ. ಒಂಬತ್ತನೆಯ ದಿನ ಆಗಿನ ಸಾರ್ಜೆಂಟರು ನಮ್ಮ ಮನೆಗೆ ಬಂದು, ಬಾಗಿಲಲ್ಲಿ ಟೋಪಿ ತೆಗೆದು ನಿಂತರು. ಒಳಗೆ ಕುಳಿತಿದ್ದ ಪೌಲಿಯಾಸಿ ಅವರನ್ನೇ ನೋಡುತ್ತಿದ್ದ. ಅವನು ಪೊಲೀಸಿಗೆ ಸೇರುತ್ತೇನೆಂದಾಗ ನಾನು ಬೈದೆ, ತಡೆಯಲಿಲ್ಲ.

ಈಗ ಈ ಪತ್ರವನ್ನು ಬರೆಯಲು ಕುಳಿತ ಕಾರಣಕ್ಕೆ ಬರುತ್ತೇನೆ. ಇದನ್ನು ಮೊದಲೇ ಬರೆಯಬೇಕಿತ್ತು. ಆದರೆ ಮಾನ್ಯರೇ, ಅರವತ್ತೆಂಟು ವರ್ಷ ಯಾರ ಮುಂದೆಯೂ ತಪ್ಪಾಯಿತೆನ್ನದ ಕೈ ಇದು, ಅಲ್ಲಿಗೆ ತಲುಪಲು ಇಷ್ಟು ಸುತ್ತಬೇಕಾಯಿತು.

ಟೋಪಿ ನನ್ನ ತಲೆಗೇರಿದ ಮೇಲೆ ಕೆಳಗಿನಿಂದ ದನಿ ಮತ್ತೆ ಬಂತು, "ಅತ್ತೆ, ಲೈಸೆನ್ಸ್." ನಾನು ಕೇಳಿಸದವಳಂತೆ ಇಂಜಿನ್ನಿನ ಸದ್ದು ಏರಿಸಿದೆ. "ಅತ್ತೆ, ಗಾಡಿ ಮುಂದಕ್ಕೆ ಹೋದ್ರೆ ನನ್ ಕಾಲ್ ಮೇಲೆ ಹೋಗುತ್ತೆ," ಎಂದ, ಅಷ್ಟೇ ಮೆಲ್ಲಗೆ. ಇಣುಕಿ ನೋಡಿದೆ. ಕಾಲನ್ನು ಚಕ್ರದ ಮುಂದೆ ಚಾಚಿ ಕುಳಿತಿದ್ದ. ನಾನು ಲೈಸೆನ್ಸ್ ಕೊಟ್ಟೆ. ಅವನು ಅದನ್ನು ನೋಡಿ, ತಲೆ ಬಗ್ಗಿಸಿ, ತೊಡೆಯ ಮೇಲೆ ಪುಸ್ತಕವಿಟ್ಟು ಬರೆದು, ಹಿಂದಿನವರಿಗೆ ಕಾಣದಂತೆ ಕಿಟಕಿಯ ಅಂಚಿಗೆ ಎರಡೂ ಕೈಯಲ್ಲಿ ಒಂದು ಚೀಟಿಯನ್ನು ಎತ್ತಿ ಹಿಡಿದ. ನಾನು ಅದನ್ನು ಮಡಚಿ ನನ್ನ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟೆ. ಊರು ತಲುಪಿದಾಗ ಹೆಂಗಸರು "ಬರೆದ್ನಾ?" ಎಂದರು. "ನನ್ ತಮ್ಮನ ಮಗ, ನನಗೆ ಬರೀತಾನಾ!" ಎಂದೆ.

ಈ ಒಂದು ಮಾತು ಊರಿನಲ್ಲಿ ನನಗಿಂತ ವೇಗವಾಗಿ ಓಡಾಡಿತು. ಎರಡು ದಿನದ ಮೇಲೆ ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಬಂದ ಅಂಗಡಿಯ ಸಿಮಿಯೋನೆ, ಪೌಲಿಯಾಸಿ ಬರೆದ ಚೀಟಿಯನ್ನು ಅವನ ಮುಂದೆಯೇ ಹರಿದು, "ಅತ್ತೆಗೆ ಬಿಟ್ಟೋನು ನನಗೇನೋ ಬರೀತೀಯಾ?" ಎಂದನಂತೆ. ಆಮೇಲೆ ಪೌಲಿಯಾಸಿ ಕೈ ಎತ್ತಿದರೆ ಯಾರೂ ಗಾಡಿ ನಿಲ್ಲಿಸಲಿಲ್ಲ. ತಮಗೆ ದೂರು ಬರೆದವರು ಯಾರೆಂದು ನನಗೆ ಗೊತ್ತಿಲ್ಲ. ಬರೆಯುವಷ್ಟು ಕಾರಣವನ್ನು ಕೊಟ್ಟವಳು ನಾನು. ಚೀಟಿಯ ನಕಲು ತಮ್ಮ ಠಾಣೆಯಲ್ಲಿ ಸಿಗದಿರುವುದಕ್ಕೆ ಮಾತ್ರ ನಾನು ಹೊಣೆಯಲ್ಲ. ಕಾರ್ಬನ್ ಹಾಳೆ ಮುಗಿದು ಎರಡು ತಿಂಗಳಾಯಿತೆಂದೂ, ರಾಜಧಾನಿಯಿಂದ ಬರಬೇಕೆಂದೂ, ಅಲ್ಲಿಯವರೆಗೆ ಒಂದೇ ಪ್ರತಿ ಬರೆಯಬೇಕೆಂದೂ ಆಜ್ಞೆ ಮಾಡಿದವರು ತಾವು.

ನೋಟಿಸು ಬಂದ ದಿನ ನಾನು ಅವನ ಮನೆಗೆ ಹೋದೆ. ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. "ಬರೆದಿದ್ದೆ ಅಂತ ಯಾಕೋ ಬಾಯಿ ಬಿಡ್ಲಿಲ್ಲ?" ಎಂದೆ.

"ನೀವು ಬರೀಲಿಲ್ಲ ಅಂತ ಊರಿಗೆಲ್ಲ ಹೇಳಿದೀರಿ, ಅತ್ತೆ. ನಾನು ಬರೆದೆ ಅಂದ್ರೆ ನಿಮ್ಮನ್ನ ಸುಳ್ಳುಗಾತಿ ಅಂದಂಗಾಗುತ್ತೆ."

"ಅಷ್ಟಕ್ಕೆ ಕೆಲಸ ಕಳ್ಕೋತೀಯಾ?"

"ಕಳ್ಕೊಂಡ್ರೆ ಬೂಟೂ ನೀವೇ ತಗೊಂಡು ಹೋಗಿ," ಎಂದು ನಕ್ಕ. ನನಗೆ ನಗು ಬರಲಿಲ್ಲ. ನನ್ನೆದುರು ಕಾನೂನನ್ನೂ ಬಿಡದೆ, ಕಾನೂನಿನೆದುರು ನನ್ನನ್ನೂ ಬಿಡದೆ ಕುಳಿತ ಒಬ್ಬ ಪೊಲೀಸನನ್ನು ನಾನು ಊರಿನ ಬಾಯಿಗೆ ಹಾಕಿದ್ದೆ.

ಆದ್ದರಿಂದ ಆ ಚೀಟಿಯನ್ನು ಈ ಪತ್ರದ ಜೊತೆ ಪಿನ್ನು ಹಾಕಿ ಕಳುಹಿಸುತ್ತಿದ್ದೇನೆ. ಅಂಗಡಿಯ ಬಾಗಿಲಲ್ಲೂ ಸಭಾಂಗಣದಲ್ಲೂ ಅದರ ನಕಲನ್ನು ನನ್ನ ಕೈಯಿಂದಲೇ ಬರೆದು ಅಂಟಿಸಿದ್ದೇನೆ. ಅದರಲ್ಲಿರುವುದು ಇಷ್ಟು: ಚಾಲಕಿ ಲುಸೇನಾ ಪೌಂಗಾ. ಲೈಸೆನ್ಸಿನ ಅವಧಿ ಮುಗಿದು ನಾಲ್ಕು ವರ್ಷ. ಹಿಂಬದಿಯಲ್ಲಿ ಆರು ಮಂದಿ. ಹದಿನಾಲ್ಕು ದಿನದೊಳಗೆ ಠಾಣೆಗೆ ಹಾಜರಾಗತಕ್ಕದ್ದು. ಕೊನೆಗೆ, ಷರಾ ಎಂಬ ಕಡೆ, ಯಾರೂ ಕೇಳದಿದ್ದರೂ ಅವನು ಬರೆದಿದ್ದಾನೆ: "ಚಾಲಕಿ ನನ್ನ ಸೋದರತ್ತೆ." ಅಕ್ಷರ ಸ್ವಲ್ಪ ಅಂಕುಡೊಂಕಾಗಿದೆ, ತೊಡೆಯ ಮೇಲೆ ಬರೆದದ್ದು.

ಶುಕ್ರವಾರ ಆ ಹದಿನಾಲ್ಕನೆಯ ದಿನ. ಹತ್ತು ಗಂಟೆಗೆ ನಾನು ನಡೆದುಕೊಂಡೇ ಬರುತ್ತೇನೆ, ಲೈಸೆನ್ಸ್ ಇಲ್ಲದವಳು ಗಾಡಿ ಓಡಿಸಬಾರದಂತೆ. ಅವನು ನನಗೆ ಬರೆದನೆಂದೂ ನಾನು ಸುಳ್ಳು ಹೇಳಿದೆನೆಂದೂ ತಮ್ಮ ಮುಂದೆ, ಕಿಟಕಿಯಲ್ಲಿ ಇಣುಕುವ ಅರ್ಧ ಊರಿನ ಮುಂದೆ ಹೇಳುತ್ತೇನೆ. ತಾವು ಅವನ ಸಮವಸ್ತ್ರಕ್ಕೆ ಕೈ ಹಾಕಬಾರದು. ಬೇರೆ ದ್ವೀಪಕ್ಕೂ ವರ್ಗ ಮಾಡಬಾರದು. ಈ ಊರಿಗೆ ಒಬ್ಬ ಪೊಲೀಸು ಬೇಕೇಬೇಕಾದರೆ, ತನ್ನ ಅತ್ತೆಗೇ ಬರೆದವನಿಗಿಂತ ಬೇರೆಯವನನ್ನು ನಾವು ನಂಬುವುದಿಲ್ಲ. ಅವನನ್ನೂ ಪೂರ್ತಿ ನಂಬುವುದಿಲ್ಲ. ಅಷ್ಟು ಸಾಕು.

ಅಂಚೆಗೆ ಹಾಕದೆ ತನ್ನ ಕೈಯಾರೆ ಠಾಣೆಯ ಮೇಜಿನ ಮೇಲಿಟ್ಟು ಹೋಗುವ,

ತಮ್ಮ ವಿಶ್ವಾಸಿ, ತಾವು ವಿಶ್ವಾಸವಿಡುವಿರೋ ಇಲ್ಲವೋ,
ಲುಸೇನಾ ಪೌಂಗಾ

ತಾ.ಕ.: ತಮ್ಮ ತಂದೆಯವರ ಹಿರಿಯಕ್ಕ ಶ್ರೀಮತಿ ಮಲಿಯಾನಾ ಅವರಿಗೆ ಇನ್ನೂ ಗಟ್ಟಿಮುಟ್ಟಾದ ಆರೋಗ್ಯವಿದೆ ಎಂದು ತಿಳಿದು ಬಹಳ ಸಂತೋಷವಾಯಿತು. ನಿನ್ನೆ ಅವರೊಡನೆ ಫೋನಿನಲ್ಲಿ ಒಂದು ಗಂಟೆ ಮಾತಾಡಿದೆ. ಗುರುವಾರದ ದೋಣಿಗೆ ಹೊರಡುತ್ತಾರೆ, ವಿಚಾರಣೆಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ತಮ್ಮನ್ನು ಚಿಕ್ಕಂದಿನಲ್ಲಿ ಮನೆಯವರು ಕರೆಯುತ್ತಿದ್ದ ಹೆಸರು ಅವರಿಗೆ ಚೆನ್ನಾಗಿ ನೆನಪಿದೆಯಂತೆ, ಅಲ್ಲಿಯೂ ಹಾಗೆಯೇ ಕರೆಯುತ್ತಾರಂತೆ. ಸರ್ಕಾರಿ ಕಚೇರಿಯಲ್ಲಿ ಅದು ಸರಿಯಲ್ಲವೆಂದು ನಾನು ಹೇಳಿನೋಡಿದೆ. ಅವರನ್ನು ತಡೆಯುವ ಅಧಿಕಾರ ನನಗಿಲ್ಲ. ತಮಗೂ ಇಲ್ಲ.